ಹತ್ತು ರೂಪಾಯಿ ಕಡಿಮೆ

1980ರ ದಶಕದಲ್ಲಿ ಕರ್ನಾಟಕದ ಖಾಸಗಿ ಅನುದಾನಿತ ಪದವಿ ಕಾಲೇಜುಗಳಲ್ಲಿ ಒಂದು ನೇಮಕಾತಿ ಪದ್ಧತಿ ಬೇರೂರಿತ್ತು. ಹುದ್ದೆಯೊಂದು ತೆರವಾದರೆ ಆಡಳಿತ ಮಂಡಳಿ ಒಬ್ಬ ಉಪನ್ಯಾಸಕರನ್ನು ಮೂರು ತಿಂಗಳ ಮಟ್ಟಿಗೆ ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ಮೂರು ತಿಂಗಳು ತುಂಬಿದ ಮೇಲೆ ಒಂದು ದಿನವೋ ಎರಡು ದಿನವೋ ಬಿಡಿಸಿ, ಮತ್ತೆ ಅವರನ್ನೇ, ಅದೇ ವಿಷಯಕ್ಕೆ, ಅದೇ ತರಗತಿಗಳಿಗೆ ಇನ್ನೊಂದು ಮೂರು ತಿಂಗಳಿಗೆ ನೇಮಿಸುತ್ತಿತ್ತು. ಹೀಗೆ ವರ್ಷಗಳು ಉರುಳಿದವು. ಆ ಒಂದೆರಡು ದಿನಗಳ ಬಿಡುವಿಗೆ ಪಾಠಪ್ರವಚನದ ದೃಷ್ಟಿಯಿಂದ ಯಾವ ಅಗತ್ಯವೂ ಇರಲಿಲ್ಲ. ಸೇವೆ ನಿರಂತರವಾಗಿತ್ತು ಎಂದು ಮುಂದೆ ಯಾರೂ ಹಕ್ಕು ಕೇಳಬಾರದು, ಅಷ್ಟಕ್ಕೇ ಆ ಬಿಡುವು.

ಸಂಬಳದಲ್ಲೂ ಇಂಥದೇ ಜಾಣತನ. ಈ ಉಪನ್ಯಾಸಕರಿಗೆ ಸಿಗುತ್ತಿದ್ದುದು ನಿಗದಿತ ಮೊತ್ತ. ಆ ಮೊತ್ತ ಕಾಯಂ ಉಪನ್ಯಾಸಕರಿಗೆ ಕೊಡಬೇಕಾದ ಕನಿಷ್ಠ ವೇತನಕ್ಕಿಂತ ಸರಿಯಾಗಿ ಹತ್ತು ರೂಪಾಯಿ ಕಡಿಮೆ ಇತ್ತು. ಹತ್ತು ರೂಪಾಯಿ ಉಳಿಸಿ ಯಾವ ಖಜಾನೆಯೂ ತುಂಬುವುದಿಲ್ಲ. ನೀವು ವೇತನ ಶ್ರೇಣಿಯ ಒಳಗಿನವರಲ್ಲ, ಹೊಸ್ತಿಲ ಆಚೆ ನಿಂತವರು ಎಂದು ತಿಂಗಳು ತಿಂಗಳೂ ನೆನಪಿಸಲು ಮಾತ್ರ ಆ ಹತ್ತು ರೂಪಾಯಿ ಸಾಕಾಗಿತ್ತು.

ಈ ಉಪನ್ಯಾಸಕರು ಸಂಘ ಕಟ್ಟಿಕೊಂಡರು. ಕರ್ನಾಟಕ ರಾಜ್ಯ ಖಾಸಗಿ ಕಾಲೇಜು ಸ್ಟಾಪ್‌ಗ್ಯಾಪ್ ಉಪನ್ಯಾಸಕರ ಸಂಘದ ಹೆಸರಿನಲ್ಲಿ ಅವರ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕಾಲೇಜುಗಳು ಖಾಸಗಿಯವಾದರೂ ಸಂಬಳದ ಪೂರ್ತಿ ಹಣ ಬರುತ್ತಿದ್ದುದು ಸರ್ಕಾರದ ಅನುದಾನದಿಂದ. ಆಡಳಿತದ ಹತೋಟಿಯೂ ಶಿಕ್ಷಣ ಇಲಾಖೆಯದೇ. ಸರ್ಕಾರಿ ಕಾಲೇಜುಗಳಲ್ಲಿ ಗುತ್ತಿಗೆಯ ಮೇಲಿದ್ದವರನ್ನು ಸಕ್ರಮಗೊಳಿಸಿ ತಮ್ಮನ್ನು ಮಾತ್ರ ಕೈಬಿಟ್ಟದ್ದು ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು.

1992ರಲ್ಲಿ ತೀರ್ಪು ಬಂತು. ನಡುವಿನ ಬಿಡುವುಗಳನ್ನೂ ಸೇರಿಸಿ ಮೂರು ವರ್ಷ ಕೆಲಸ ಮಾಡಿದವರನ್ನು ತೆಗೆಯುವಂತಿಲ್ಲ, ಹುದ್ದೆಗಳು ತೆರವಾದಂತೆ ಅವರನ್ನು ವಿಲೀನಗೊಳಿಸಬೇಕು ಎಂದಿತು ನ್ಯಾಯಾಲಯ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು: ತಾತ್ಕಾಲಿಕ ಉಪನ್ಯಾಸಕರಿಗೂ ಇನ್ನು ಮುಂದೆ ಕಾಯಂ ಉಪನ್ಯಾಸಕರಿಗೆ ಸಲ್ಲುವ ಸಂಬಳವನ್ನೇ ಕೊಡಬೇಕು. ಮೊದಲನೆಯದು ನೌಕರಿಯ ಭದ್ರತೆಯ ಮಾತು, ಎರಡನೆಯದು ಕೂಲಿಯ ಮಾತು. ಇವೆರಡೂ ಬೇರೆ ಬೇರೆ. ಮುಂದಿನ ಮೂರು ದಶಕಗಳಲ್ಲಿ ಆಳಿದವರೆಲ್ಲ ಇವೆರಡನ್ನು ಒಂದೇ ಗಂಟಿನಲ್ಲಿ ಕಟ್ಟಿ, ಮೊದಲನೆಯದನ್ನು ಕೊಡಲಾಗದು, ಆದ್ದರಿಂದ ಎರಡನೆಯದನ್ನೂ ಕೇಳಬೇಡಿ ಎನ್ನುತ್ತ ಬಂದರು. ತಾತ್ಕಾಲಿಕ ಉಪನ್ಯಾಸಕರ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯವಾಗಿ ಕಂಡದ್ದು ಈ ಗಂಟು.

1992ರ ನಂತರ ಸರ್ಕಾರಗಳು ಕಲಿತ ಪಾಠ ಬೇರೆಯೇ ಆಗಿತ್ತು. ಒಬ್ಬರನ್ನು ಹುದ್ದೆಯ ಮೇಲೆ ಕೂರಿಸಿದರೆ ತಾನೇ ಹಕ್ಕಿನ ಪ್ರಶ್ನೆ? ಹುದ್ದೆಯನ್ನೇ ತೋರಿಸದೆ ಪಾಠ ಮಾಡಿಸಿಕೊಂಡರಾಯಿತು. ಪದವಿ ಕಾಲೇಜುಗಳು ಜಿಲ್ಲಾ ಕೇಂದ್ರಗಳಿಂದ ತಾಲ್ಲೂಕುಗಳಿಗೆ, ತಾಲ್ಲೂಕುಗಳಿಂದ ಹೋಬಳಿಗಳಿಗೆ ಹರಡಿದ ಕಾಲ ಅದು. ಇವತ್ತು ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದ ಕುಟುಂಬಗಳ ಮಕ್ಕಳು, ಅದರಲ್ಲೂ ದೂರದ ಊರಿಗೆ ಕಳಿಸಲು ತಂದೆ ತಾಯಿ ಒಪ್ಪದ ಹೆಣ್ಣುಮಕ್ಕಳು ಬಿ.ಎ., ಬಿ.ಕಾಂ. ಓದಿದ್ದು ಈ ಕಾಲೇಜುಗಳಿಂದಲೇ. ನಮ್ಮ ರಾಜ್ಯದ ಹೆಮ್ಮೆಯ ಸಾಧನೆ ಇದು. ಆದರೆ ಕಟ್ಟಡಗಳು ಎದ್ದ ವೇಗದಲ್ಲಿ ಹುದ್ದೆಗಳು ಮಂಜೂರಾಗಲಿಲ್ಲ, ಮಂಜೂರಾದವು ಭರ್ತಿಯಾಗಲಿಲ್ಲ. ನಡುವಿನ ಕಂದಕವನ್ನು ತುಂಬಿದವರು ಮೊದಲು ಅರೆಕಾಲಿಕ ಉಪನ್ಯಾಸಕರು, ಆಮೇಲೆ ಅತಿಥಿ ಉಪನ್ಯಾಸಕರು.

ವ್ಯವಸ್ಥೆ ನಡೆಯುವ ಬಗೆ ಹೀಗೆ. ವರ್ಷದ ಆರಂಭದಲ್ಲಿ ಪ್ರಾಂಶುಪಾಲರು ಪ್ರತಿ ವಿಷಯದ ಒಟ್ಟು ಕಾರ್ಯಭಾರವನ್ನು ಲೆಕ್ಕ ಹಾಕುತ್ತಾರೆ. ಕಾಯಂ ಅಧ್ಯಾಪಕರಿಗೆ ಹಂಚಿ ಉಳಿದ ಗಂಟೆಗಳು ಅತಿಥಿ ಉಪನ್ಯಾಸಕರಿಗೆ. ಇಲಾಖೆ ಅರ್ಜಿ ಕರೆಯುತ್ತದೆ. ಸ್ನಾತಕೋತ್ತರ ಪದವಿಯ ಅಂಕ, ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆಗಳು, ಪಿಎಚ್‌.ಡಿ., ಸೇವಾನುಭವ ಎಲ್ಲವನ್ನೂ ಕೂಡಿ ಪಟ್ಟಿ ತಯಾರಾಗುತ್ತದೆ. ಕೌನ್ಸೆಲಿಂಗ್‌ನಲ್ಲಿ ಕಾಲೇಜು ಆರಿಸಿಕೊಳ್ಳಬೇಕು. ಹತ್ತು ವರ್ಷ ಒಂದೇ ಕಾಲೇಜಿನಲ್ಲಿ ಪಾಠ ಮಾಡಿದವರೂ ಪ್ರತಿ ವರ್ಷ ಹೊಸಬರಂತೆ ಅರ್ಜಿ ಹಾಕಬೇಕು. ವರ್ಷದ ನಡುವೆ ಆ ವಿಷಯದ ಕಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರೆ ಅತಿಥಿ ಉಪನ್ಯಾಸಕರ ಕೈಗೆ ಬಿಡುಗಡೆ ಪತ್ರ. ರಜೆಯ ತಿಂಗಳುಗಳಿಗೆ ಗೌರವಧನವಿಲ್ಲ. ಉಳಿದ ತಿಂಗಳುಗಳದ್ದೂ ಅನುದಾನ ಬಿಡುಗಡೆಯಾದಾಗ, ಎರಡು ಮೂರು ತಿಂಗಳದ್ದು ಒಟ್ಟಿಗೆ. ಮೂರು ತಿಂಗಳಿಗೊಮ್ಮೆ ಬಿಡಿಸುತ್ತಿದ್ದ ಹಳೆಯ ಪದ್ಧತಿಯನ್ನು ಈಗ ಯಾರೂ ಕೈಯಾರೆ ಮಾಡಬೇಕಾಗಿಲ್ಲ. ಶೈಕ್ಷಣಿಕ ವೇಳಾಪಟ್ಟಿಯೇ ಆ ಕೆಲಸ ಮಾಡುತ್ತದೆ.

ಈ ವ್ಯವಸ್ಥೆಗೆ ಕಾನೂನಿನ ಬೇಲಿ ಹಾಕಿದ ತೀರ್ಪು ಕೂಡ ಕರ್ನಾಟಕದ್ದೇ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರ ಸುಮಾರಿಗೆ ದಿನಗೂಲಿಯ ಮೇಲೆ ಸೇರಿ ಹತ್ತು ವರ್ಷಕ್ಕೂ ಮೀರಿ ದುಡಿದ ನೌಕರರು ಕಾಯಂಮಾತಿ ಕೇಳಿ ರಾಜ್ಯದ ಹೈಕೋರ್ಟಿನಲ್ಲಿ ಗೆದ್ದಿದ್ದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ಆ ತೀರ್ಪು ದೇಶದ ಉದ್ದಗಲಕ್ಕೂ ಉಮಾದೇವಿ ತೀರ್ಪು ಎಂದೇ ಹೆಸರಾಯಿತು. ಸಂವಿಧಾನ ಹೇಳುವ ಮುಕ್ತ ಸ್ಪರ್ಧೆಯ ಮೂಲಕ ಬಾರದವರು ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕು ಪಡೆಯುವುದಿಲ್ಲ, ನ್ಯಾಯಾಲಯಗಳು ಹಾಗೆ ಆದೇಶಿಸಲೂಬಾರದು ಎಂಬುದು ಅದರ ಸಾರ. ಮಂಜೂರಾದ ಹುದ್ದೆಯಲ್ಲಿ, ಅರ್ಹತೆ ಇದ್ದು, ನ್ಯಾಯಾಲಯದ ತಡೆಯಾಜ್ಞೆಯ ನೆರವಿಲ್ಲದೆ ಹತ್ತು ವರ್ಷ ಕೆಲಸ ಮಾಡಿದವರಿಗೆ ಮಾತ್ರ ಒಂದು ಬಾರಿಯ ವಿನಾಯಿತಿ. ಆ ವಿನಾಯಿತಿಯನ್ನು ವಿವರಿಸುವ 53ನೆಯ ಪ್ಯಾರಾ ಆಧಾರವಾಗಿ ಹೆಸರಿಸುವ ಮೂರು ಹಳೆಯ ಪ್ರಕರಣಗಳೂ ಮೈಸೂರು ರಾಜ್ಯ ಮತ್ತು ಕರ್ನಾಟಕದಿಂದ ಹೋದವು. ತಾತ್ಕಾಲಿಕ ನೌಕರಿಯ ಬಗೆಗಿನ ಭಾರತದ ಕಾನೂನು ಇಷ್ಟರ ಮಟ್ಟಿಗೆ ನಮ್ಮ ನೆಲದ ಜಗಳಗಳಿಂದ ಹುಟ್ಟಿದ್ದು.

ಅಂದಿನಿಂದ ವಿಧಾನಸೌಧದಲ್ಲಿ ಯಾವ ಪಕ್ಷದ ಸರ್ಕಾರವಿದ್ದರೂ ಅತಿಥಿ ಉಪನ್ಯಾಸಕರ ನಿಯೋಗ ಬಾಗಿಲಿಗೆ ಬಂದಾಗ ಕೊಟ್ಟ ಉತ್ತರ ಒಂದೇ: ಉಮಾದೇವಿ ತೀರ್ಪು ಅಡ್ಡ ಇದೆ. ವಿರೋಧ ಪಕ್ಷದಲ್ಲಿದ್ದಾಗ ಧರಣಿ ಡೇರೆಗೆ ಬಂದು ಭರವಸೆ ಕೊಟ್ಟವರು ಕುರ್ಚಿ ಸಿಕ್ಕ ಮೇಲೆ ಅದೇ ತೀರ್ಪನ್ನು ಓದಿದರು. ಆದರೆ ಆ ತೀರ್ಪಿನ ಕೊನೆಯ ಪುಟಗಳನ್ನು ಯಾರೂ ಗಟ್ಟಿಯಾಗಿ ಓದಿ ಹೇಳಲಿಲ್ಲ. ಅಲ್ಲಿ ಅದೇ ಪೀಠ, ವಾಣಿಜ್ಯ ತೆರಿಗೆ ಇಲಾಖೆಯ ಆ ದಿನಗೂಲಿಗಳಿಗೆ ಕಾಯಂಮಾತಿ ನಿರಾಕರಿಸುತ್ತಲೇ, ಅವರ ವೃಂದದ ಕಾಯಂ ನೌಕರರ ಅತ್ಯಂತ ಕೆಳಗಿನ ಹಂತದ ಸಂಬಳಕ್ಕೆ ಸಮನಾದ ಕೂಲಿಯನ್ನು, ಹೈಕೋರ್ಟ್ ತೀರ್ಪಿನ ದಿನದಿಂದಲೇ ಲೆಕ್ಕ ಹಾಕಿ ಕೊಡಬೇಕೆಂದು ಆದೇಶಿಸಿತ್ತು. ಕಾಯಂ ಮಾಡಲಾಗದು, ಆದರೆ ಕೂಲಿ ಕಡಿತ ಮಾಡುವಂತಿಲ್ಲ. ಉಮಾದೇವಿ ತೀರ್ಪು ಹೇಳಿದ್ದು ಎರಡನ್ನೂ. ಸರ್ಕಾರ ಕೇಳಿಸಿಕೊಂಡದ್ದು ಒಂದನ್ನು.

ಮನಸ್ಸಿದ್ದರೆ ಮಾರ್ಗವಿತ್ತು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಉಮಾದೇವಿ ತೀರ್ಪಿನ ನಂತರವೂ ಕರ್ನಾಟಕ ತನ್ನ ದಿನಗೂಲಿ ನೌಕರರಿಗಾಗಿ 2012ರಲ್ಲಿ ಕ್ಷೇಮಾಭಿವೃದ್ಧಿ ಅಧಿನಿಯಮವನ್ನೇ ರೂಪಿಸಿತು. ಕಾಯಂ ಎನ್ನದೆಯೇ ಅವರಿಗೆ ನಿವೃತ್ತಿಯ ವಯಸ್ಸಿನವರೆಗೆ ಸೇವೆ ಮುಂದುವರಿಯುವ ದಾರಿ ಮಾಡಿಕೊಟ್ಟಿತು. ತರಗತಿಯಲ್ಲಿ ನಿಂತವರಿಗೆ ಅಂಥ ಕಾನೂನು ಬರಲಿಲ್ಲ.

2020ರ ಲಾಕ್‌ಡೌನ್ ಈ ಬದುಕಿನ ಟೊಳ್ಳನ್ನು ಊರಿಗೆಲ್ಲ ತೋರಿಸಿತು. ತರಗತಿಗಳು ನಿಂತವು, ಗೌರವಧನವೂ ನಿಂತಿತು. ಎಂ.ಎ., ಎಂ.ಫಿಲ್. ಮಾಡಿ ಹತ್ತು ಹದಿನೈದು ವರ್ಷ ಪಾಠ ಹೇಳಿದವರು ನರೇಗಾ ಕೆಲಸಕ್ಕೆ ಹೋದದ್ದು, ತಳ್ಳುಗಾಡಿಯಲ್ಲಿ ತರಕಾರಿ ಮಾರಿದ್ದು ಪತ್ರಿಕೆಗಳಲ್ಲಿ ಬಂತು. ದುಡಿದು ತಿನ್ನುವ ಯಾವ ಕೆಲಸವೂ ಕೀಳಲ್ಲ. ಆದರೆ ತನ್ನ ಮಕ್ಕಳಿಗೆ ಪಾಠ ಹೇಳಿದವರನ್ನು ಒಂದು ರಾಜ್ಯ ಆ ತಿಂಗಳುಗಳಲ್ಲಿ ಮರೆತೇಬಿಟ್ಟಿತಲ್ಲ, ಅದು ನಾಚಿಕೆಗೇಡಿನ ಸಂಗತಿ.

2021ರ ಡಿಸೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಬೀದಿಗಿಳಿದರು. ಆಗ ನೆಟ್, ಕೆ-ಸೆಟ್ ಅಥವಾ ಪಿಎಚ್‌.ಡಿ. ಇದ್ದವರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000. ವಾರಕ್ಕೆ 8ರಿಂದ 10 ಗಂಟೆ ಪಾಠ. ಸಂಖ್ಯೆಯಲ್ಲಿ ಅವರು 14,000ದ ಆಸುಪಾಸಿನಲ್ಲಿದ್ದರು. ಎಷ್ಟೋ ಕಾಲೇಜುಗಳಲ್ಲಿ ಕಾಯಂ ಅಧ್ಯಾಪಕರಿಗಿಂತ ಅವರೇ ಹೆಚ್ಚು. ಹಾಗಾಗಿ ಬಹಿಷ್ಕಾರದ ಬಿಸಿ ಬೇಗ ತಟ್ಟಿತು. 2022ರ ಜನವರಿ ಮಧ್ಯದಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಆಗಿನ ಉನ್ನತ ಶಿಕ್ಷಣ ಸಚಿವ ಡಾ. ಸಿ.ಎನ್. ಅಶ್ವತ್ಥನಾರಾಯಣ ಅವರು ಗೌರವಧನ ಏರಿಕೆ ಪ್ರಕಟಿಸಿದರು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಕೇಳುವ ಈ ಅರ್ಹತೆಯ ಜೊತೆಗೆ ಐದು ವರ್ಷ ಮೀರಿದ ಅನುಭವವಿದ್ದರೆ 32,000, ಅದಕ್ಕಿಂತ ಕಡಿಮೆ ಅನುಭವಕ್ಕೆ 30,000. ಅರ್ಹತೆ ಇಲ್ಲದವರಿಗೆ ಅನುಭವ ನೋಡಿ 28,000 ಅಥವಾ 26,000. ಎರಡು ಪಟ್ಟಿಗಿಂತಲೂ ಹೆಚ್ಚು ಏರಿಕೆ ಎಂದು ಎಲ್ಲೆಡೆ ಸುದ್ದಿಯಾಯಿತು.

ಆ ಆದೇಶದಲ್ಲಿ ಇನ್ನೊಂದು ಸಾಲಿತ್ತು. ಇನ್ನು ಮುಂದೆ ವಾರಕ್ಕೆ 15 ಗಂಟೆ ಪಾಠ. ಈಗ ಲೆಕ್ಕ ಮಾಡಿ ನೋಡಬೇಕು. ವಾರಕ್ಕೆ 8ರಿಂದ 10 ಗಂಟೆಯೆಂದರೆ ತಿಂಗಳಿಗೆ 32ರಿಂದ 40 ಗಂಟೆ. ಹಳೆಯ 13,000 ರೂಪಾಯಿ ಗಂಟೆಗೆ 325ರಿಂದ 406 ರೂಪಾಯಿ ಆಗುತ್ತಿತ್ತು. ವಾರಕ್ಕೆ 15 ಎಂದರೆ ತಿಂಗಳಿಗೆ 60 ಗಂಟೆ. ಹೊಸ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಪಡೆಯುವವರ 32,000 ರೂಪಾಯಿ ಗಂಟೆಗೆ 533ಕ್ಕೆ ನಿಲ್ಲುತ್ತದೆ, ಅತಿ ಕಡಿಮೆ ಪಡೆಯುವವರ 26,000 ರೂಪಾಯಿ 433ಕ್ಕೆ. ತಿಂಗಳ ಮೊತ್ತ ಎರಡು ಪಟ್ಟು ದಾಟಿದರೂ ಒಂದು ಗಂಟೆಯ ಪಾಠದ ಬೆಲೆ ಎರಡು ಪಟ್ಟಾಗಲಿಲ್ಲ. ಯುಜಿಸಿ 2019ರ ಜನವರಿಯಲ್ಲೇ ಅತಿಥಿ ಅಧ್ಯಾಪಕರಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ನಿಗದಿ ಮಾಡಿತ್ತು. ಆ ದರದಲ್ಲಿ ತಿಂಗಳಿಗೆ 34 ಉಪನ್ಯಾಸ ಮಾಡಿದರೆ 50,000ದ ಮಿತಿ ಮುಟ್ಟುತ್ತದೆ. ನಮ್ಮವರು 60 ಗಂಟೆ ಮಾಡಿಯೂ ಅದರ ಹತ್ತಿರ ಹೋಗಲಿಲ್ಲ.

ಇದಕ್ಕಿಂತ ಕಹಿಯಾದ ಪರಿಣಾಮ ಮತ್ತೊಂದು. ಪಾಠದ ಒಟ್ಟು ಗಂಟೆಗಳು ಹೆಚ್ಚಲಿಲ್ಲ, ತಲೆಗೆ ಹಂಚುವ ಗಂಟೆಗಳು ಮಾತ್ರ ಹೆಚ್ಚಿದವು. ಇಬ್ಬರ ಕೆಲಸ ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರು ಮನೆಗೆ ಹೋದರು. ಹಾಗೆ ಹೊರಗುಳಿದವರು ಸಾವಿರಾರು ಮಂದಿ. ಡಿಸೆಂಬರ್‌ನ ಚಳಿಯಲ್ಲಿ ಒಂದೇ ಡೇರೆಯಲ್ಲಿ ಕೂತವರಲ್ಲಿ ಕೆಲವರ ಗೌರವಧನ ಏರಿತು, ಕೆಲವರಿಗೆ ಗೌರವಧನವೇ ಇಲ್ಲವಾಯಿತು. ಗೆದ್ದವರಿಗೆ ಪಕ್ಕದವರ ಮುಖ ನೋಡಲಾಗದಂಥ ಗೆಲುವು ಅದು. ಸರ್ಕಾರ ಹೊಸದಾಗಿ ಖರ್ಚು ಮಾಡಿದ್ದು ನಿಜ. ಆದರೆ ಆ ಏರಿಕೆಯ ಒಂದು ಭಾಗವನ್ನು ಭರಿಸಿದವರು ಕೆಲಸ ಕಳೆದುಕೊಂಡ ಆ ಸಹೋದ್ಯೋಗಿಗಳು.

2023ರ ನವೆಂಬರ್ 23ರಂದು ಮತ್ತೆ ರಾಜ್ಯದಾದ್ಯಂತ ತರಗತಿ ಬಹಿಷ್ಕಾರ ಶುರುವಾಯಿತು. ಸರ್ಕಾರ ಬದಲಾಗಿತ್ತು, ಉನ್ನತ ಶಿಕ್ಷಣ ಖಾತೆ ಡಾ. ಎಂ.ಸಿ. ಸುಧಾಕರ್ ಅವರ ಬಳಿ ಇತ್ತು. ಈ ಸಲದ ಬೇಡಿಕೆ ಹಣದ್ದಲ್ಲ, ಸೇವಾ ಭದ್ರತೆಯದು. ಜಿಲ್ಲಾಧಿಕಾರಿ ಕಚೇರಿಗಳ ಮುಂದೆ ವಾರಗಟ್ಟಲೆ ಧರಣಿ ನಡೆಯಿತು. ಬೆಳಗಾವಿಯ ಅಧಿವೇಶನದ ವೇಳೆ ಸುವರ್ಣ ವಿಧಾನಸೌಧದ ಸಮೀಪವೂ ಡೇರೆ ಬಿತ್ತು. ಡಿಸೆಂಬರ್ ಕೊನೆಯಲ್ಲಿ ಸರ್ಕಾರ ಕನಿಷ್ಠ 5,000 ರೂಪಾಯಿ ಏರಿಕೆ, ಆರೋಗ್ಯ ವಿಮೆ, ವೇತನಸಹಿತ ಹೆರಿಗೆ ರಜೆ, 60 ವರ್ಷ ತುಂಬಿ ಹೊರಹೋಗುವಾಗ 5 ಲಕ್ಷ ರೂಪಾಯಿ ಇಡಿಗಂಟು ಎಂದು ಪ್ರಕಟಿಸಿತು. ಇವುಗಳಲ್ಲಿ ಹೆರಿಗೆ ರಜೆಯ ಮುಂದೆ ಒಂದು ಕ್ಷಣ ನಿಲ್ಲಬೇಕು. ಹೆಣ್ಣುಮಕ್ಕಳಿಗೆ ಪಾಠ ಹೇಳುವ ಹೆಂಗಸರು ಬಾಣಂತನದಲ್ಲಿ ಸಂಬಳ ಪಡೆಯುವ ಹಕ್ಕಿಗಾಗಿ 2023ರ ತನಕ ಕಾಯಬೇಕಾಯಿತು.

ಉಪನ್ಯಾಸಕರಲ್ಲಿ ಹಲವರಿಗೆ ಈ ಘೋಷಣೆ ಸಮಾಧಾನ ತರಲಿಲ್ಲ. 2024ರ ಹೊಸ ವರ್ಷದ ದಿನ ಅವರು ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿನ ಫ್ರೀಡಂ ಪಾರ್ಕಿನ ಕಡೆಗೆ ನಡೆಯತೊಡಗಿದರು. ತುಮಕೂರು ರಸ್ತೆಯ ಲಾರಿಗಳ ಧೂಳಿನಲ್ಲಿ ಬ್ಯಾನರ್ ಹಿಡಿದು ನಡೆದವರಲ್ಲಿ ನಿವೃತ್ತಿಗೆ ಹತ್ತಿರವಾದವರೂ ಇದ್ದರು. ಕಾಯಂಮಾತಿ ಸಿಗಲಿಲ್ಲ. ಪರೀಕ್ಷೆಗಳು ಹತ್ತಿರವಾದಂತೆ ಅವರು ತರಗತಿಗೆ ಮರಳಿದರು. ಮಕ್ಕಳ ಸೆಮಿಸ್ಟರ್ ಹಾಳಾಗಬಾರದೆಂಬ ಅವರ ಕಾಳಜಿ ಪ್ರತಿ ಚಳವಳಿಯಲ್ಲೂ ಅವರ ಕೈಕಟ್ಟಿದೆ.

ಉಮಾದೇವಿ ತೀರ್ಪಿನ ನಂತರದ ಈ ವರ್ಷಗಳಲ್ಲಿ ದೆಹಲಿಯಲ್ಲಿ ಕಾನೂನು ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಿತ್ತು. 2016ರ ಅಕ್ಟೋಬರ್ 26ರಂದು ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯಂ ನೌಕರರು ಮಾಡುವ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ವೇತನ ಶ್ರೇಣಿಯ ಕನಿಷ್ಠ ಮೊತ್ತ ಸಲ್ಲಬೇಕೆಂದು ಹೇಳಿತು. ಕಡಿಮೆ ಸಂಬಳಕ್ಕೆ ಒಪ್ಪಿಕೊಂಡವರು ಮನಸಾರೆ ಒಪ್ಪಿದವರಲ್ಲ, ಹೆಂಡತಿ ಮಕ್ಕಳ ಹೊಟ್ಟೆಗಾಗಿ ಸ್ವಾಭಿಮಾನವನ್ನು ಬದಿಗಿಟ್ಟವರು ಎಂಬ ಅರ್ಥದ ಮಾತುಗಳು ಆ ತೀರ್ಪಿನಲ್ಲಿವೆ.

ಕಾಲೇಜು ಅಧ್ಯಾಪಕರ ವಿಷಯದಲ್ಲೇ ನೇರವಾದ ಮಾತು ಬಂದದ್ದು 2025ರ ಆಗಸ್ಟ್ 22ರಂದು. ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ತಿಂಗಳಿಗೆ ಸಿಗುತ್ತಿದ್ದುದು 30,000 ರೂಪಾಯಿ. ಅದೇ ಕೆಲಸಕ್ಕೆ ಅಲ್ಲಿನ ಅಡ್‌ಹಾಕ್ ಅಧ್ಯಾಪಕರಿಗೆ ಸುಮಾರು 1.16 ಲಕ್ಷ, ಕಾಯಂ ಅಧ್ಯಾಪಕರಿಗೆ ಸುಮಾರು 1.36 ಲಕ್ಷ. ಮಂಜೂರಾದ 2,720 ಹುದ್ದೆಗಳ ಪೈಕಿ ಕಾಯಂ ಆಗಿ ತುಂಬಿದ್ದು 923. ಗುತ್ತಿಗೆಯವರು 902, ಅಡ್‌ಹಾಕ್‌ನವರು 158, ಉಳಿದ 737 ಖಾಲಿ. ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಜೊಯ್‌ಮಾಲ್ಯ ಬಾಗ್ಚಿ ಅವರ ಪೀಠ ಈ ಗುತ್ತಿಗೆ ಅಧ್ಯಾಪಕರಿಗೆ ಸಹಾಯಕ ಪ್ರಾಧ್ಯಾಪಕರ ವೇತನ ಶ್ರೇಣಿಯ ಕನಿಷ್ಠ ಮೊತ್ತ ಕೊಡಬೇಕು, ಅರ್ಜಿ ಹಾಕುವ ಮೊದಲಿನ ಮೂರು ವರ್ಷಗಳಿಂದ ಬಾಕಿಯನ್ನು ಶೇ 8ರ ಬಡ್ಡಿ ಸಮೇತ ಸಲ್ಲಿಸಬೇಕು ಎಂದಿತು. ಸಮಾರಂಭಗಳಲ್ಲಿ ಗುರುವನ್ನು ದೇವರೆಂದು ಹೊಗಳುವ ಶ್ಲೋಕ ಹೇಳಿದರಷ್ಟೇ ಸಾಲದು, ಅದರಲ್ಲಿ ನಂಬಿಕೆ ಇದ್ದರೆ ಅದು ನಡೆಸಿಕೊಳ್ಳುವ ರೀತಿಯಲ್ಲಿ ಕಾಣಬೇಕು ಎಂದೂ ಪೀಠ ನೆನಪಿಸಿತು.

ಆ ಹೊತ್ತಿನಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ಬೇರೊಂದು ಸಂಕಟ ನಡೆದಿತ್ತು. ಅತಿಥಿ ಉಪನ್ಯಾಸಕರಿಗೂ ಯುಜಿಸಿಯ 2018ರ ನಿಯಮಾವಳಿಯ ಅರ್ಹತೆ ಕಡ್ಡಾಯವೇ ಎಂಬ ಪ್ರಶ್ನೆ ಹೈಕೋರ್ಟಿನಲ್ಲಿತ್ತು. 2025-26ರ ಸಾಲಿನ ನೇಮಕಾತಿ ತಿಂಗಳುಗಟ್ಟಲೆ ತಡವಾಗಿ, ಎಷ್ಟೋ ತರಗತಿಗಳಲ್ಲಿ ಪಾಠವೇ ನಡೆಯಲಿಲ್ಲ. ನೆಟ್, ಕೆ-ಸೆಟ್, ಪಿಎಚ್‌.ಡಿ. ಇಲ್ಲದೆ ಹದಿನೈದು ಇಪ್ಪತ್ತು ವರ್ಷ ದುಡಿದವರು ಬೀದಿಗೆ ಬೀಳುವ ಸ್ಥಿತಿ ಬಂತು. ಅರ್ಹತೆಯ ಮಟ್ಟ ಇರಲೇಬೇಕು, ವಿದ್ಯಾರ್ಥಿಗಳಿಗೆ ಅದು ಸಲ್ಲಬೇಕಾದದ್ದು. ಆದರೆ ಬೇಕಾದಾಗ ಅರ್ಹತೆ ಕೇಳದೆ ಎರಡು ದಶಕ ಪಾಠ ಮಾಡಿಸಿಕೊಂಡವರು, ಐವತ್ತು ದಾಟಿದವರನ್ನು ಬರಿಗೈಯಲ್ಲಿ ಕಳಿಸುವುದು ಧರ್ಮವಲ್ಲ. ಅರ್ಹತೆ ಪಡೆಯಲು ಅವರಿಗೆ ಕಾಲಾವಕಾಶ ಕೊಡಬೇಕು, ಹೋಗಲೇಬೇಕಾದವರಿಗೆ ಸೇವೆಯ ವರ್ಷಗಳಿಗೆ ತಕ್ಕ ಪರಿಹಾರ ಕೊಡಬೇಕು.

ಯಾವ ನಿಯಮಾವಳಿಯನ್ನು ಮುಂದಿಟ್ಟು ಅರ್ಹತೆ ಕೇಳಲಾಗುತ್ತಿದೆಯೋ ಅದೇ 2018ರ ನಿಯಮಾವಳಿಯಲ್ಲಿ ಗುತ್ತಿಗೆ ಅಧ್ಯಾಪಕರ ಬಗ್ಗೆ ಇನ್ನೆರಡು ಮಾತುಗಳಿವೆ. ಅಂಥ ನೇಮಕ ಒಟ್ಟು ಹುದ್ದೆಗಳ ಶೇ 10ನ್ನು ಮೀರಬಾರದು. ಅವರಿಗೆ ಕೊಡುವ ಮೊತ್ತ ಕಾಯಂ ಸಹಾಯಕ ಪ್ರಾಧ್ಯಾಪಕರ ತಿಂಗಳ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು. ಅತಿಥಿ ಉಪನ್ಯಾಸಕರು ಗುತ್ತಿಗೆಯವರಲ್ಲ, ಗಂಟೆ ಲೆಕ್ಕದವರು, ಮಂಜೂರಾದ ಹುದ್ದೆಯಲ್ಲಿ ಇಲ್ಲದವರು ಎಂದು ಸರ್ಕಾರ ವಾದಿಸಬಹುದು. ವಾರಕ್ಕೆ 8 ಗಂಟೆಯ ಕಾಲದಲ್ಲಿ ಆ ವಾದಕ್ಕೆ ಅಷ್ಟಿಷ್ಟು ಬಲವಿತ್ತು. 2022ರಲ್ಲಿ ಅವರ ಪಾಠ ವಾರಕ್ಕೆ 15 ಗಂಟೆಗೆ ಏರಿತು, ಯುಜಿಸಿ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಹೇಳಿರುವುದು 16. ಪರೀಕ್ಷಾ ಕೊಠಡಿ, ನ್ಯಾಕ್ ಮೌಲ್ಯಮಾಪನದ ಕಡತ, ಪ್ರವೇಶಾತಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲದಕ್ಕೂ ಅವರನ್ನು ಕರೆಯುವುದು ಪ್ರತಿ ಕಾಲೇಜಿಗೂ ಗೊತ್ತಿರುವ ಸತ್ಯ.

ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700 ರೂಪಾಯಿ. ಯುಜಿಸಿ ಅರ್ಹತೆ ಇದ್ದು ವಾರಕ್ಕೆ 15 ಗಂಟೆ ಪಾಠ ಮಾಡುವ ಪ್ರತಿಯೊಬ್ಬ ಅತಿಥಿ ಉಪನ್ಯಾಸಕರಿಗೂ ಕನಿಷ್ಠ ಇಷ್ಟನ್ನು, ವರ್ಷದ ಹನ್ನೆರಡೂ ತಿಂಗಳು ಕೊಡಲು ಉಮಾದೇವಿ ತೀರ್ಪು ಅಡ್ಡ ಬರುವುದಿಲ್ಲ. ಯಾರನ್ನೂ ಕಾಯಂ ಮಾಡದೆಯೂ ಇದನ್ನು ಮಾಡಬಹುದು. ಮುಖ್ಯಮಂತ್ರಿಗಳು ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಹಣ ತೆಗೆದಿಡಬೇಕು. ಗುಜರಾತಿನವರಂತೆ ನಮ್ಮವರೂ ಬಡ್ಡಿ ಸಮೇತ ಕೇಳಲು ಸುಪ್ರೀಂ ಕೋರ್ಟಿನ ತನಕ ಹೋಗುವಂತೆ ಮಾಡಬಾರದು.